ಷರಾ

ಹಳದಿ ರಟ್ಟಿನ ಲೆಡ್ಜರು, ಹೊನಿಯಾರಾದಿಂದ ದೋಣಿಯಲ್ಲಿ ಬಂದದ್ದು,
ಉಪ್ಪುನೀರು ಕುಡಿದು ಅಂಚು ಉಬ್ಬಿದೆ.
ಕ್ರಮಸಂಖ್ಯೆ, ಹೆಸರು, ಊರು, ಆಯುಧದ ಬಗೆ,
ಕೊನೆಗೆ ಷರಾ.
ಅಲ್ಲಿಗೆಂದೇ ಒಂದು ರಬ್ಬರ್ ಮೊಹರು: ‘ಒಪ್ಪಿಸಲಾಗಿದೆ.’
ಯಾರು, ಯಾರಿಗೆ, ಮೊಹರು ಹೇಳುವುದಿಲ್ಲ.
ನಾನು ನೆಸ್ಟಾ, ಮೂರನೇ ಇಯತ್ತೆಗೆ ವ್ಯಾಕರಣ ಕಲಿಸುವವಳು;
ಕರ್ತೃವಿಲ್ಲದ ವಾಕ್ಯ ಕಂಡರೆ
ಕೈ ತಾನಾಗಿ ಕೆಂಪು ಪೆನ್ನು ಹುಡುಕುತ್ತದೆ.

ಚರ್ಚಿನ ಅಂಗಳದಲ್ಲಿ ಸಾಲು.
ಮೊದಲು ಮುದುಕ ತವೇರೆ.
ಚಾಪೆಯಲ್ಲಿ ಸುತ್ತಿ, ಕೊಬ್ಬರಿ ಎಣ್ಣೆ ಬಳಿದು
ಕೂಸನ್ನು ತಂದಂತೆ ತಂದ, ಅಲ್ಲ,
ದೊಡ್ಡ ಮೀನನ್ನು ತಂದಂತೆ ತಂದ ರೈಫಲ್ಲು.
“ಒಪ್ಪಿಸೋಕೆ ನಾನೇನು ಸಾಲ ಮಾಡಿದ್ದೆನಾ?
ಕೆಳಗಿಡ್ತಾ ಇದೀನಿ. ಹಾಗೇ ಬರಿ.”
ಬರೆದೆ: ಕೆಳಗಿಟ್ಟನು.

ಅವನ ಹಿಂದೆಯೇ ಹೊಳೆಯಾಚೆಯ ಸಲಾನೊ,
ನಾಲ್ಕು ವರ್ಷ ಅವನಿಗೇ ಗುರಿಯಿಟ್ಟವನು.
“ಅವನು ಕೆಳಗಿಟ್ಟನೋ? ಹಾಗಾದರೆ ನಾನು ಎಸೆದೆ.”
ಎಸೆದನು, ಎಂದು ಬರೆದೆ.
ಮೇಜಿನ ಮೇಲೆ ಅವನು ಇಟ್ಟದ್ದು
ಮೊಟ್ಟೆ ಇಟ್ಟಷ್ಟು ಮೆತ್ತಗೆ.

ಕಮಾಂಡರ್ ಬಂದಾಗ ಯಾರೂ ಉಸಿರಾಡಲಿಲ್ಲ.
ಮೀನು ಸುಡುತ್ತಿದ್ದ ಹಿಲ್ಡಾ ಮಾತ್ರ ಬೀಸಣಿಗೆ ನಿಲ್ಲಿಸದೆ,
“ಬಂದೂಕು ಆಮೇಲಾಯಿತು,
ನಿನ್ನ ಪಡೆ ತಿಂದ ಹದಿಮೂರು ಮೀನಿನ ದುಡ್ಡು ಮೊದಲು!”
ಅವನ ಕೈ ಟ್ರಿಗರ್ ಬಿಟ್ಟು ಜೇಬಿಗೆ ಹೋಯಿತು,
ಹಲ್ಲು ಕಂಡವು.
ನಿಘಂಟಿನಲ್ಲಿ ಇದು ಮೂರನೆಯ ಅರ್ಥ,
ಷರಾ ಕಾಲಮ್ಮಿನಲ್ಲಿ ಇದಕ್ಕೆ ಜಾಗವಿಲ್ಲ.

ನಲವತ್ತೊಂದು: ಹುಡುಗ, ಹದಿನೈದಿರಬೇಕು.
ನಾಡಬಂದೂಕು, ನೀರಿನ ಪೈಪು, ಹಿಂದೆ ಒಂದು ಮೊಳೆ.
ತಿರುಗಿಸಿ ನೋಡಿದೆ. ಹಸಿರು ಬಣ್ಣದ ಚಕ್ಕೆ.
ನಮ್ಮ ಶಾಲೆಯ ನಲ್ಲಿಯದು.
ಎರಡು ವರ್ಷ ಮಕ್ಕಳು ಹೊಳೆಗೆ ಹೋಗಿದ್ದರು, ಕೊಡ ಹೊತ್ತು, ಗುಂಡು ತಪ್ಪಿಸಿ.
“ವಾಪಸ್ ಕೊಡ್ತಿದೀನಿ, ಮೇಡಂ.”
ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.
ಮರಳಿಸಿದನು.

ಹೊರದೇಶದ ಸಾರ್ಜೆಂಟ್ ಬಗ್ಗಿ ನೋಡಿದ:
“ಇದೇನಿದು, ಒಂದೊಂದು ಸಾಲಿಗೆ ಒಂದೊಂದು ಮಾತು?
ಎಲ್ಲವೂ ನಿಶ್ಶಸ್ತ್ರೀಕರಣವೇ ಅಲ್ಲವೇ?”
ಬಾಯಿ ತುಂಬ ಬೆಣಚುಕಲ್ಲು ಇಟ್ಟುಕೊಂಡು ಮಾತಾಡಿದ ಹಾಗೆ.
ಹಿಂದೆ ಗರಗಸ ಕಿರುಗುಟ್ಟುತ್ತಿತ್ತು.

ಸಂಜೆಯ ಕೊನೆಗೆ ಓವೆಲಿನಾ.
ಮಗನದು, ಎಂದಳು.
ಕೊಟ್ಟೆ ಎನ್ನಲಿಲ್ಲ, ಇಟ್ಟೆ ಎನ್ನಲಿಲ್ಲ.
“ಬೆರಳು ಸೆಟೆದಿದ್ದವು.
ಒಂದೊಂದಾಗಿ ಬಿಡಿಸಿದೆ.”

ಬಿಡಿಸು.
ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೆ:
ಲೆಕ್ಕ ಬಿಡಿಸು, ಚಿತ್ರ ಬಿಡಿಸು,
ಜಗಳ ಬಿಡಿಸು, ಗಂಟು ಬಿಡಿಸು.
ಅವನಿಗೆ ಮೊಲೆಹಾಲು ಬಿಡಿಸಿದ್ದೂ ಇವಳೇ,
ಎದೆಗೆ ಕಹಿಸೊಪ್ಪಿನ ರಸ ಹಚ್ಚಿಕೊಂಡು;
ಮೂರು ರಾತ್ರಿ ಅತ್ತಿದ್ದ, ಇಡೀ ಊರಿಗೆ ನಿದ್ದೆಯಿರಲಿಲ್ಲ.
ಪೆನ್ನು ಹಿಡಿದು ಕೂತೆ.
ಆ ಸಾಲಿನ ಷರಾ ಇನ್ನೂ ಖಾಲಿ.

ಲೆಡ್ಜರು ವಾಪಸ್ ಬಂತು:
‘ಅಶುದ್ಧ. ಹೊಸದಾಗಿ ಬರೆದು ಮೊಹರು ಹಾಕುವುದು.’
ಹಾಕಿದೆ, ಅರವತ್ತೆರಡು ಸಲ.

ಆದರೆ ನಲವತ್ತೊಂದನ್ನು ಕೊಯ್ಯಬೇಡಿ ಎಂದು
ಗರಗಸದವನಿಗೆ ಹೇಳಿ ಇಸಕೊಂಡಿದ್ದೆ.
ಈಗ ಶಾಲೆಯ ಹಿಂದೆ ನೀರು ಬರುತ್ತದೆ.
ಮೊಳೆಯಿದ್ದ ತೂತಿನಲ್ಲಿ ಸ್ವಲ್ಪ ಸೋರುತ್ತದೆ;
ಪುಟ್ಟವರು ನಲ್ಲಿ ಬಿಟ್ಟು
ಅಲ್ಲಿಗೇ ಬಾಯಿಡುತ್ತಾರೆ.