ಲಾಭ, ಎರಡು, ಮೂರು

ಮಂಡಿಯಲ್ಲಿ ಯಾರೂ ಒಂದು ಎನ್ನುವುದಿಲ್ಲ.
ಮೊದಲ ಕೊಳಗ ಲಾಭ,
ಆಮೇಲೆ ಎರಡು, ಮೂರು.
ಅಪ್ಪಯ್ಯ ಶಿವಮೊಗ್ಗದ ಹೊಳೆದಂಡೆಯ ಮಂಡಿಯಲ್ಲಿ
ಭತ್ತ ಅಳೆಯುತ್ತಿದ್ದವನು.
ಸಿಪಾಯಿಯಾಗಿ ಸಿಂಗಾಪುರಕ್ಕೆ ಹೋದಾಗಲೂ
ಎಣಿಕೆ ಮಾತ್ರ ಮಂಡಿಯದೇ.

ಹೊರಡುವ ಹಿಂದಿನ ದಿನ ಹಮಾಲರು ತಮಾಷೆಗೆ
ಮೂಟೆಯ ತಕ್ಕಡಿಯಲ್ಲಿ ಕೂರಿಸಿ ತೂಗಿದರಂತೆ.
ಗೋಡೆಯ ಮೇಲೆ ಇದ್ದಿಲಲ್ಲಿ ಬರೆದರು:
ಕನ್ನಪ್ಪ, ಐದೂವರೆ ಮಣ.
ಸುಣ್ಣ ಹೊಡೆಸುವಾಗ ಸಾಹುಕಾರರು
ಅಷ್ಟಗಲ ಜಾಗ ಬಿಟ್ಟು ಹೊಡೆಸುತ್ತಿದ್ದರು,
ನಾಲ್ಕು ವರ್ಷ.

ಕಾಗದವಿಲ್ಲ, ಸುದ್ದಿಯಿಲ್ಲ.
ಅವ್ವ ಬಳೆ ತೆಗೆಯಲಿಲ್ಲ,
ಹೊಸದು ತೊಡಲೂ ಇಲ್ಲ.
ಆಮೇಲೊಂದು ಕಾರ್ಡು, ಯಾರದೋ ಕೈಬರಹ:
ಯುದ್ಧ ನಿಂತಿದೆ. ಆಸ್ಪತ್ರೆ ಹಡಗಿನಲ್ಲಿದ್ದೇನೆ.
ಆಸ್ಪತ್ರೆ ಗೊತ್ತು, ಹಡಗೂ ಕೇಳಿ ಗೊತ್ತು,
ಎರಡೂ ಒಂದೇ ಹೇಗಾದೀತೆಂದು
ಅಜ್ಜಿ ಮೆಗ್ಗಾನ್ ಆಸ್ಪತ್ರೆಯನ್ನೇ
ಮನಸ್ಸಿನಲ್ಲಿ ತುಂಗೆಗೆ ಇಳಿಸಿ, ತೇಲಿಸಿ ನೋಡಿದಳು.

ಹಡಗಿನ ಬಗ್ಗೆ ಅವನು ಹೇಳಿದ್ದು ಕಮ್ಮಿ.
ಬೆಳ್ಳಗಿತ್ತು. ಪಕ್ಕೆಯ ಮೇಲೆ
ಕೂಡುವ ಲೆಕ್ಕದ ಗುರುತು, ಕೆಂಪಗೆ.
ಹಾಸಿಗೆ ಮೆತ್ತಗಿದೆಯೆಂದು ನಿದ್ದೆ ಬಾರದೆ
ಸಾಲುಸಾಲು ಗಂಡಸರು ಕೆಳಗಿಳಿದು
ಕಬ್ಬಿಣದ ನೆಲದ ಮೇಲೆ ಮಲಗಿದರು.
ಗಂಜಿ ಚಮಚದ ಲೆಕ್ಕ.
ಇನ್ನೊಂದು ಕೇಳಿದವನ ಕೈ ಹಿಡಿದು ನರ್ಸಮ್ಮ ಅತ್ತಳಂತೆ,
ಕೊಡಲಿಲ್ಲ ಮಾತ್ರ.
ಏಣಿ ಹತ್ತಿ ಬಂದವರನ್ನು ಅಪ್ಪಯ್ಯ ಎಣಿಸಿದ್ದ,
ಸ್ಟ್ರೆಚರಿನವರನ್ನೂ ಸೇರಿಸಿ:
ಲಾಭ, ಎರಡು, ಮೂರು.
ಮದರಾಸಿನಲ್ಲಿ ಇಳಿಯುವಾಗ ಮತ್ತೆ ಎಣಿಸಿದ.
ಐದು ಕಮ್ಮಿ.
ದಡ ಕಂಡ ಮೇಲೂ ಜನ ಸಾಯ್ತಾರೆ, ಎಂದ. ಅಷ್ಟೇ.

ಬೀರೂರಿನಲ್ಲಿ ರೈಲು ಬದಲಿಸಿ ಬಂದ.
ನನಗೆ ಆರು ವರ್ಷ.
ಎಲ್ಲರೂ ಇಳಿದು ಹೋದ ಮೇಲೆ
ಬೆಂಚಿನ ಬಳಿ ಉಳಿದಿದ್ದ ಮುದುಕನನ್ನು ದಾಟಿ
ಅವ್ವ ಕೊನೆಯ ಡಬ್ಬಿಯವರೆಗೂ ನಡೆದಳು.
ಅವನು ಕೂಗಲಿಲ್ಲ.
ಕೊರಳಲ್ಲಿ ದಾರ, ದಾರದಲ್ಲೊಂದು ರಟ್ಟಿನ ಚೀಟಿ,
ಮೂಟೆಗೆ ಕಟ್ಟುತ್ತಾರಲ್ಲ, ಹಾಗೆ.

ಅಮಾವಾಸ್ಯೆಗೊಮ್ಮೆ ಮಂಡಿಗೆ ಹೋಗಿ
ತಾನೇ ತಕ್ಕಡಿ ಏರುತ್ತಿದ್ದ.
ಮೂರು. ಮೂರೂ ಕಾಲು.
ಮುಂದಿನ ಸುಗ್ಗಿಗೆ ನಾಲ್ಕೂ ಮುಕ್ಕಾಲು.
ಐದೂವರೆಯಾದ ದಿನ ಹಮಾಲರು ಬೆಲ್ಲ ಹಂಚಿದರು.
ಸಾಹುಕಾರರು ಗೋಡೆ ತೋರಿಸಿ,
ಸರಿಹೋಯ್ತಲ್ಲೋ ಕನ್ನಪ್ಪ, ಎಂದರು.

ಅಪ್ಪಯ್ಯ ತಕ್ಕಡಿಯಿಂದ ಇಳಿಯಲಿಲ್ಲ.
ಇದರಲ್ಲಿ ಶಿಕಾರಿಪುರದ ಹುಚ್ಚರಾಯಪ್ಪಂದು ಐತೆ, ಎಂದ.
ಅವ ಸತ್ತಿದ್ದು ಸೋಮವಾರ.
ಬುಧವಾರದ ತನಕ ನಾನು ಯಾರಿಗೂ ಹೇಳಲಿಲ್ಲ.
ಕಂಬಳಿ ಹೊದಿಸಿ, ಮಗ್ಗುಲಲ್ಲೇ ಮಲಗಿ,
ಅವನಿಗೆ ಜ್ವರ ಅಂತ ಹೇಳಿ
ಅವನ ಪಾಲಿನ ಅನ್ನ ಇಸ್ಕೊಂಡೆ.
ಎರಡು ದಿನಕ್ಕೆ ನಾಲ್ಕು ಹಿಡಿ.
ಅದನ್ನು ಕಳೆದು ಹೇಳಿ ಸಾಹುಕಾರ್ರೇ,
ನಾನೆಷ್ಟು?

ಕಾಳು ತಪ್ಪದ ಲೆಕ್ಕದ ಮಂಡಿ.
ಅವತ್ತು ಯಾರಿಗೂ ಕಳೆಯಲು ಬರಲಿಲ್ಲ.
ಒಬ್ಬ ಹಮಾಲ ಬಾಯಲ್ಲಿದ್ದ ಬೆಲ್ಲ ನುಂಗಲೂ ಆಗದೆ
ಹಾಗೇ ನಿಂತಿದ್ದ.

ಅಪ್ಪಯ್ಯ ಮತ್ತೆ ಅಳೆಯಲು ಕೂತ, ಇಪ್ಪತ್ತು ವರ್ಷ.
ಮೊದಲ ಕೊಳಗಕ್ಕೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ.
ರೈತರು ಕಾಯುತ್ತಿದ್ದರು.
ಭತ್ತ ಸುರಿಯುವ ಸದ್ದು.
ಅದು ಪೂರಾ ನಿಂತ ಮೇಲೆ,
ಎರಡು, ಎಂದು ಶುರುಮಾಡುತ್ತಿದ್ದ.