ಕಲ್ಲೊಳಗಿನ ಕತ್ತಿ

ಭದ್ರಾವತಿ, ನ್ಯೂಟೌನಿನ ಕ್ವಾರ್ಟರ್ಸು, ರಾತ್ರಿ ಒಂಬತ್ತು.
ಟೀವಿಯಲ್ಲಿ ಪೋರನೊಬ್ಬ
ಕಲ್ಲಿನಿಂದ ಕತ್ತಿ ಕಿತ್ತ, ಬದನೆಗಿಡ ಕಿತ್ತ ಹಾಗೆ.

‘ಸುಳ್ಳು ಕಣಮ್ಮ,’ ಅಂದ
ಕಾರ್ಖಾನೆಯ ಕುಲುಮೆಗೆ ಮೂವತ್ತು ವರ್ಷ ಮುಖ ಕೊಟ್ಟ ಮುರುಗೇಶಣ್ಣ,
‘ಅಷ್ಟು ಮಳೆಗಾಲ ನಿಂತಿದ್ದು
ತುಕ್ಕು ಹಿಡಿಯಲ್ವಾ?’

ಜುಬೇದಕ್ಕನಿಗೆ ರಾಣಿಯದೇ ಚಿಂತೆ:
ಇಬ್ಬರು ಗಂಡಸರು ಅವಳಿಗಾಗಿ ಕಾದಾಡಿದರು,
ನಿನಗೇನು ಬೇಕೆಂದು ಕೇಳಿದವರಿಲ್ಲ.
ಮಾಂತ್ರಿಕನ ಗಡ್ಡ ಅಂಟಿಸಿದ್ದು,
ಇದು ನನ್ನ ತಂಗಿಯ ತೀರ್ಪು.
ಅವನ ತುಟಿ ಮುಚ್ಚಿದರೂ
ಕನ್ನಡ ಇನ್ನೂ ಮಾತಾಡುತ್ತಲೇ ಇತ್ತು.
ನಾನು ನಕ್ಕೆ.

ಕರೆಂಟು ಹೋಯಿತು.

ಕತ್ತಲಲ್ಲಿ ಯಾರಿಗೂ ಅಲ್ಲದಂತೆ ಮುರುಗೇಶಣ್ಣ:
‘ಯಾವ ಉಕ್ಕೋ ಏನೋ.
ಒಂದ್ಸಲ ಹಿಡಿದು ನೋಡ್ಬೇಕಿತ್ತು.’

ಬೆಳಕು ಬಂದಾಗ ಸಾಬೂನಿನ ಜಾಹೀರಾತು.
ಅವನ ಮುಷ್ಟಿ ಮಾತ್ರ
ಇನ್ನೂ ಹಿಡಿಕೆಯ ಅಳತೆಯಲ್ಲೇ
ಮಡಿಚಿತ್ತು.