ಹದಿನಾಲ್ಕು ಇಂಚು

ಮಳೆ ನಿಂತು ಮೂರು ದಿನ. ಇನ್ನೂ ಬೇಡ, ಅಂದೆ.
ಓಸ್ತಾಪ್ ಹ್ನಾತ್ಯುಕ್ ಹೊಸ್ತಿಲಲ್ಲೇ ನಿಂತು
ದಿನಬಾಡಿಗೆಯ ಯಂತ್ರ ನೋಡಿದ, ಮೋಡ ನೋಡಿದ, ನನ್ನನ್ನು ನೋಡಿದ.
ಒಂದು ಹಿಡಿ ಮಣ್ಣೆತ್ತಿ ಹೆಬ್ಬೆರಳಲ್ಲಿ ಒತ್ತಿ ತೋರಿಸಿದೆ:
ರಿಬ್ಬನ್ನಿನ ಹಾಗೆ ಉದ್ದಕ್ಕೆ ಇಳಿಯಿತು, ಮುರಿಯಲಿಲ್ಲ.
ಮುರಿಯುವ ತನಕ ಮುಟ್ಟಬಾರದು.
ಹಸಿಯಲ್ಲಿ ಅಗೆದರೆ ಬಕೆಟ್ಟು ಬೆಣ್ಣೆ ಸವರಿದಂತೆ ಸವರುತ್ತದೆ,
ತಳ ಗಾಜಾಗುತ್ತದೆ,
ನೀರು ಎಲ್ಲಿಗೂ ಹೋಗದೆ ಅಲ್ಲೇ ಸಂಸಾರ ಹೂಡುತ್ತದೆ.

ವಿನಿಪೆಗ್ಗಿನ ದಕ್ಷಿಣದ ಬಯಲು ಇದು.
ಸಮುದ್ರದಂಥ ಸರೋವರವೊಂದು ಎಂದೋ ಇಲ್ಲಿ ಮಲಗಿತ್ತಂತೆ,
ಎದ್ದು ಹೋಗುವಾಗ ಹಾಸಿಗೆ ಮಡಚಲಿಲ್ಲ.
ಬೇಸಿಗೆಗೆ ಬಾಯಿ ಬಿಡುತ್ತದೆ, ಚಳಿಗೆ ಬೆನ್ನು ಉಬ್ಬಿಸುತ್ತದೆ,
ಏಪ್ರಿಲ್ಲಿನಲ್ಲಿ, ಹಿಮ ಕರಗಿದಾಗ,
ಕಾಲಿಟ್ಟವರ ಕಾಲನ್ನೇ ಕೇಳುತ್ತದೆ.
ಕೆಲಸ ಕಲಿಸಿದ ಚಿಕ್ಕಪ್ಪ ಝೆಫಿರಾಂ ಅನ್ನುತ್ತಿದ್ದ:
"ಅಗೆಯದೆ ಜಲ್ಲಿ ಸುರಿಯೋದು ಅಂದ್ರೆ
ಬೀದಿ ಬೆಕ್ಕಿಗೆ ಹಾಲು ಹಾಕಿದ ಹಾಗೆ, ಓಡೀಲ್.
ನಾಳೆ ಮತ್ತೆ ಬಂದು ಕೂತಿರುತ್ತೆ."

ಆರನೆಯ ದಿನ ರಿಬ್ಬನ್ನು ಒಂದಂಗುಲಕ್ಕೇ ಮುರಿಯಿತು.
ಗ್ಯಾಸಿನ ಕೊಳವೆಗೆ ಹಳದಿ ಬಾವುಟ ನೆಟ್ಟವರು ನೆಟ್ಟು ಹೋಗಿದ್ದರು.
ಹುಲ್ಲಿನ ಚರ್ಮ ಸುಲಿದು ಬದಿಗೆ ಹಾಕಿದೆ.
ಮೂರಿಂಚಿಗೆ ಹೋದ ವರ್ಷದ ಜಲ್ಲಿ.
ಆರಕ್ಕೆ ಇನ್ನೂ ಹಿಂದಿನದು, ಇಟ್ಟಿಗೆ ಚೂರು.
ಒಂಬತ್ತಕ್ಕೆ ಒಲೆಯ ಬೂದಿ, ಕಪ್ಪು ಕಿಟ್ಟ,
ಇವನಿಗಿಂತ ಮುಂಚಿನವರು
ಚಳಿಗಾಲವೆಲ್ಲ ಮೈ ಕಾಯಿಸಿಕೊಂಡು ಮಿಗಿಸಿದ್ದು.
"ಎಲ್ಲಿ ಹೋಗುತ್ತಿತ್ತೋ ಅಂತಿದ್ದೆ," ಅಂದ.
ಎಲ್ಲಿಗೂ ಹೋಗಿರಲಿಲ್ಲ.

ಹನ್ನೊಂದರಲ್ಲಿ, ಬೇಲಿಯ ಕಡೆ,
ಬಕೆಟ್ಟಿನ ಹಲ್ಲಿಗೆ ಏನೋ ಮೆತ್ತಗೆ ಸಿಕ್ಕಿತು.
ಬೇರು ಅಂದುಕೊಂಡು ಎಂಜಿನ್ ನಿಲ್ಲಿಸಿ ಇಳಿದೆ.
ರಬ್ಬರ್ ಬೂಟು. ಎಡಗಾಲಿನದು. ಹಸಿರು.
ತುದಿಯ ತನಕ ಜೇಡಿ ಗಿಡಿದು
ಒಳಗೊಂದು ಪಾದ ಇದ್ದಷ್ಟೇ ಭಾರ.

ಓಸ್ತಾಪ್ ನಲ್ಲಿಯ ಪೈಪು ಎಳೆದು ತಂದ. ತೊಳೆದ.
ತೊಳೆಯುತ್ತಲೇ ಇದ್ದ.
ನೀರಿಗೆ ಜೇಡಿ ಹೆದರುವುದಿಲ್ಲ, ಹಿಗ್ಗುತ್ತದೆ.
ಆಮೇಲೆ, ನನಗಲ್ಲ, ಪೈಪಿಗೆ ಹೇಳುವವನಂತೆ:
"ದಾರ್ಕಾಳದು. ಬಸ್ಸು ಗೇಟಿನ ಹತ್ತಿರ ನಿಂತಿತ್ತು.
ಒಂದು ಕೈಲಿ ಸೂಟ್‌ಕೇಸು, ಇನ್ನೊಂದು ಕೈಲಿ ಬೂಟು ಎಳೆದಳು, ಬರಲಿಲ್ಲ.
ನಾನು ಕಿಟಕಿಯಲ್ಲಿದ್ದೆ.
ಒಂದು ಕಾಲಿಗೆ ಬರೀ ಕಾಲುಚೀಲ. ಹಾಗೇ ಹತ್ತಿದಳು.
ಮರುದಿನವೇ ಎರಡು ಲೋಡು ಜಲ್ಲಿ ತರಿಸಿದೆ."

ಅದಕ್ಕೆ ನಾನೇನು ಹೇಳಲಿ? ನನಗೆ ಗೊತ್ತಿರುವುದು ಇಳಿಜಾರು:
ಮನೆಯಿಂದ ರಸ್ತೆಗೆ, ಹತ್ತಡಿಗೆ ಎರಡಿಂಚು.
ಹದಿನಾಲ್ಕಕ್ಕೆ ತಳ ಸಿಕ್ಕಿತು,
ಬೂದು ನೀಲಿ, ಯಾರ ಕೈಯೂ ತಾಗದ್ದು.
ಉರುಳೆ ಓಡಿಸಿ, ಕಪ್ಪು ಬಟ್ಟೆ ಹಾಸಿದೆವು,
ಅವನೊಂದು ತುದಿ, ನಾನೊಂದು ತುದಿ,
ಮಂಚಕ್ಕೆ ಹಾಸುವವರ ಹಾಗೆ ಸುಕ್ಕು ಬಿಡಿಸುತ್ತ.
ನೀರು ಇಳಿಯಲಿ, ಕಲ್ಲು ಇಳಿಯದಿರಲಿ ಅಂತ ಈ ಬಟ್ಟೆ.
ಮೇಲೆ ಮುಷ್ಟಿ ಗಾತ್ರದ ಸುಣ್ಣಕಲ್ಲು,
ಅದರ ಮೇಲೆ ಮುಕ್ಕಾಲಿಂಚಿನದು,
ಪದರಕ್ಕೊಮ್ಮೆ ತುಳಿತ.
ಕೊನೆಗೆ ಬರ್ನೀಸ್ ತುಂಬಿದ ಲಾರಿ ಹತ್ತಿಸಿದಳು, ನಿಧಾನವಾಗಿ.
ಚಕ್ರದ ಪಕ್ಕ ಮಂಡಿಯೂರಿದೆ. ನೆಲ ಉಸಿರಾಡಬಾರದು.
ಆಡಲಿಲ್ಲ.

ಬಿಲ್ಲಿನಲ್ಲಿ ಬರೆದೆ: ಅಗೆತ, ಬಟ್ಟೆ,
ಕಲ್ಲು ಏಳು ಲೋಡು, ಹಳೆಮಣ್ಣಿನ ಸಾಗಣೆ.
ಬೂಟು ಏನಾಯಿತೆಂದು ಕೇಳಲಿಲ್ಲ.
ಸಾಗಿಸಿದ ಮಣ್ಣಲ್ಲಿ ಇರಲಿಲ್ಲ, ಅಷ್ಟು ಗೊತ್ತು.

ಕತ್ತಲಾದ ಮೇಲೆ ಮನೆ ಸೇರಿದೆ.
ನನ್ನ ಗೇಟಿನಿಂದ ಬಾಗಿಲಿಗೆ ಇರುವುದು ಮೂರು ಹಲಗೆ.
ಹನ್ನೆರಡು ವರ್ಷದಿಂದ
ಮುಂದಿನ ಬೇಸಿಗೆಗೆ ಅಗೆಯುತ್ತೇನೆ ಅನ್ನುತ್ತಿದ್ದೇನೆ.
ಕೊನೆಯ ಹಲಗೆಯ ಮೇಲೆ ನಿಂತು ಕೆಳಗೆ ನೋಡಿದೆ.
ಏನೇನಿದೆಯೋ.
ಬೂಟು ಎರಡನ್ನೂ ಕಳಚಿ
ಕೈಯಲ್ಲೇ ಹಿಡಿದುಕೊಂಡು ಒಳಗೆ ಹೋದೆ.